ಇಪ್ಪತ್ತೊಂದು ದಿನದ ನೋಟಿಸು

ಪತ್ರ ಬಂದ ದಿನ ನಾನು ಅದನ್ನು ಸ್ಟಾಫ್‌ರೂಮಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಎರಡು ಸಲ ಓದಿದೆ. ವಾಣಿಜ್ಯ ವಿಷಯದ ಶಿಕ್ಷಕರಿಗೆ ನಡೆಯಲಿದ್ದ ತರಬೇತಿಗೆ ‘ತಜ್ಞ ಮಾರ್ಗದರ್ಶಕಿ’ ಎಂದು ನನ್ನ ಹೆಸರು ಬಂದಿತ್ತು. ಸೊಲ್ಲಾಪುರದ ಜೂನಿಯರ್ ಕಾಲೇಜಿನಲ್ಲಿ ಇಷ್ಟು ವರ್ಷ ಗಂಟಲು ಹರಿದುಕೊಂಡರೂ ನನ್ನನ್ನು ತಜ್ಞೆ ಎಂದು ಯಾರೂ ಕರೆದಿರಲಿಲ್ಲ. ಪಕ್ಕದ ಮೇಜಿನ ಇಂಗ್ಲಿಷ್ ಶಿಕ್ಷಕಿ, ಹಾಗಾದರೆ ಚಹಾ ಯಾವಾಗ ಎಂದು ಕೇಳಿದರು. ಆವತ್ತಿನ ನನ್ನ ಉಬ್ಬನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ತರಬೇತಿಯ ಕಟ್ಟುಪಾಡು ಸರಳವಾಗಿತ್ತು. ಇಪ್ಪತ್ನಾಲ್ಕು ವರ್ಷ ಸೇವೆ ಮುಗಿಸಿದ ಶಿಕ್ಷಕರಿಗೆ ನಿವಡ ಶ್ರೇಣಿ ಎಂಬ ಮೇಲಿನ ದರ್ಜೆ ಸಿಗಬೇಕಾದರೆ ತರಬೇತಿಯ ಪ್ರಮಾಣಪತ್ರ ಬೇಕು. ಈ ಸಲದ ವಿಷಯ, ತರಗತಿಯಲ್ಲಿ ತಂತ್ರಜ್ಞಾನದ ಬಳಕೆ. ಮೊದಲು ನಾಲ್ಕು ದಿನ ವಿಜಾಪುರ ರಸ್ತೆಯ ಒಂದು ಕಂಪ್ಯೂಟರ್ ಕೋಣೆಯಲ್ಲಿ ಕಲಿಕೆ. ಆಮೇಲೆ ಪ್ರತಿಯೊಬ್ಬರೂ ತಮ್ಮ ಕಾಲೇಜಿನಲ್ಲಿ ಒಂದು ಮಾದರಿ ಪಾಠ ಮಾಡಬೇಕು. ಮಾರ್ಗದರ್ಶಕರು ಹಿಂದಿನ ಬೆಂಚಿನಲ್ಲಿ ಕೂತು, ಮೊಬೈಲನ್ನು ಟ್ರೈಪಾಡಿಗೆ ಹಚ್ಚಿ, ಇಡೀ ಪಾಠವನ್ನು ಎಲ್ಲಿಯೂ ನಿಲ್ಲಿಸದೆ, ಕತ್ತರಿಸದೆ ಚಿತ್ರೀಕರಿಸಬೇಕು. ಅಂಕ ಕೊಡುವ ಕೋಷ್ಟಕದ ತಖ್ತೆ ತುಂಬಿ ವೆಬ್‌ಸೈಟಿಗೆ ಏರಿಸಬೇಕು. ವೆಬ್‌ಸೈಟ್ ಮುಚ್ಚುವ ತಾರೀಖು ಪತ್ರದಲ್ಲಿಯೇ ದಪ್ಪ ಅಕ್ಷರದಲ್ಲಿತ್ತು. ನನಗೆ ಬಂದದ್ದು ಅಕ್ಕಲಕೋಟ ಭಾಗದ ಆರು ಜನ.

ಕಂಪ್ಯೂಟರ್ ಕೋಣೆಯಲ್ಲಿ ಮೊದಲ ದಿನ ಪೂರ್ತಿ ಅಕ್ಷರದ ಜೊತೆ ಗುದ್ದಾಟದಲ್ಲಿಯೇ ಹೋಯಿತು. ಶಿಕ್ಷಕರು ಪೆನ್‌ಡ್ರೈವಿನಲ್ಲಿ ತಂದ ಮರಾಠಿ ಟಿಪ್ಪಣಿಗಳೆಲ್ಲ ಹಳೆಯ ಫಾಂಟಿನವು. ಡಿಜಿಟಲ್ ಪ್ಯಾನೆಲ್‌ನಲ್ಲಿ ತೆರೆದರೆ ಬರೀ ಚುಕ್ಕಿ, ಗೀಟು, ಡೊಂಕು. ಕೊನೆಗೆ ಎಲ್ಲರೂ ತಮ್ಮ ಮೊಬೈಲಿನ ಕೀಲಿಮಣೆಯಲ್ಲಿ ಹೊಸದಾಗಿ ಟೈಪು ಮಾಡಬೇಕಾಯಿತು. ಎರಡನೆಯ ದಿನ ಪ್ಯಾನೆಲ್ ಮೇಲೆ ಬೆರಳಿನಿಂದ ಬರೆಯುವುದು, ಬರೆದ ಪುಟ ಉಳಿಸುವುದು. ಮೂರನೆಯ ದಿನ ಆನ್‌ಲೈನ್ ಫಾರ್ಮ್ ಮಾಡಿ ಮಕ್ಕಳ ಉತ್ತರ ತರಿಸಿಕೊಳ್ಳುವುದು; ಉತ್ತರ ಬಂದಂತೆಲ್ಲ ಪ್ಯಾನೆಲ್ ಮೇಲೆ ಎಣಿಕೆಯ ಬಣ್ಣದ ಪಟ್ಟಿ ಏರುವುದನ್ನು ತೋರಿಸುವುದು. ಐವತ್ತು ದಾಟಿದ ಶಿಕ್ಷಕರು ಆ ಪಟ್ಟಿ ಏರುವುದನ್ನು ನೋಡಿ ಮಕ್ಕಳಂತೆ ಖುಷಿಪಟ್ಟರು. ಎಲ್ಲರಿಗೂ ಅನುಕೂಲವಾಗಲಿ ಎಂದು ನಾನೇ ಒಂದು ಸಿದ್ಧ ಸ್ಲೈಡುಗಳ ಕಡತ ಮಾಡಿ ಹಂಚಿದೆ.

ಹಿಂದಿನ ಸಾಲಿನಲ್ಲಿ ಅಕ್ಕಲಕೋಟದ ಕಾಲೇಜಿನ ಹಿರಿಯ ಶಿಕ್ಷಕರೊಬ್ಬರು ಉದ್ದನೆಯ ರಿಜಿಸ್ಟರ್ ಬಿಚ್ಚಿಕೊಂಡು ಕೂತಿರುತ್ತಿದ್ದರು. ಅವರು ಕಲಿಸುವ ವಿಷಯ ಎಸ್‌.ಪಿ., ಅಂದರೆ ಸೆಕ್ರೆಟೇರಿಯಲ್ ಪ್ರಾಕ್ಟೀಸ್, ಕಂಪನಿಯ ಕಾರ್ಯದರ್ಶಿ ಮಾಡುವ ಕೆಲಸಗಳ ಪಾಠ: ಸಭೆ, ನೋಟಿಸು, ಠರಾವು, ಸಭೆಯ ನಡಾವಳಿ. ಎಲ್ಲರೂ ಅವರನ್ನು ಎಸ್‌.ಪಿ. ಸರ ಎಂದೇ ಕರೆಯುತ್ತಿದ್ದರು; ಪೊಲೀಸ್ ಸಾಹೇಬರು ಬಂದರು ಎಂದು ಹೊಸಬರು ಚೇಷ್ಟೆ ಮಾಡುತ್ತಿದ್ದರು. ನಾಲ್ಕು ದಿನದಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ. ಫಾರ್ಮಿನಲ್ಲಿ ರೋಲ್ ನಂಬರ್ ಹಾಕಿದವನು ಅದೇ ಹುಡುಗ ಅನ್ನುವುದಕ್ಕೆ ಪುರಾವೆ ಏನು ಎಂದು. ಮನೆಗೆ ಒಂದೇ ಮೊಬೈಲು, ಅದೂ ಅಪ್ಪನ ಕಿಸೆಯಲ್ಲಿ ಇರುವ ಊರು ನಮ್ಮದು ಎಂದೂ ಸೇರಿಸಿದರು. ಅದನ್ನು ಆಮೇಲೆ ನೋಡೋಣ ಎಂದು ಮುಂದಿನ ಸ್ಲೈಡಿಗೆ ಹೋದೆ. ಕೊಂಕು ಹುಡುಕುವ ಮನುಷ್ಯ ಎಂದು ಮನಸ್ಸಿನಲ್ಲಿಯೇ ಅವರ ಮೇಲೆ ಒಂದು ಗೀಟು ಎಳೆದೆ.

ಮಾದರಿ ಪಾಠಗಳು ಶುರುವಾದವು. ಜೂನಿಯರ್ ಕಾಲೇಜು ಬೆಳಗಿನ ಏಳೂ ಇಪ್ಪತ್ತಕ್ಕೆ. ನಾನು ಸೊಲ್ಲಾಪುರದಿಂದ ಮೊದಲ ಬಸ್ಸು ಹಿಡಿದು ವಳಸಂಗ ದಾಟುವಾಗ ಇನ್ನೂ ಕಣ್ಣು ಕೂಡುತ್ತಿರುತ್ತಿದ್ದವು. ಮೊದಲನೆಯ ಪಾಠ ಒಬ್ಬ ಶಿಕ್ಷಕಿಯದು. ನನ್ನ ಸ್ಲೈಡುಗಳನ್ನೇ ಹಾಕಿದ್ದರು, ಒಂದಕ್ಷರ ಬದಲಿಸದೆ. ಪಾಠ ಚೆನ್ನಾಗಿಯೇ ಸಾಗಿತ್ತು. ಹನ್ನೊಂದನೆಯ ಸ್ಲೈಡು ಬಂತು: ‘ಚಹಾ ವಿಶ್ರಾಂತಿ, ಹದಿನೈದು ನಿಮಿಷ’. ವಿಜಾಪುರ ರಸ್ತೆಯ ಕೋಣೆಗೆಂದು ನಾನು ಹಾಕಿದ್ದು, ತೆಗೆಯಲು ಮರೆತಿದ್ದೆ. ಶಿಕ್ಷಕಿ ಅದನ್ನು ಗಂಭೀರವಾಗಿ ಓದಿದರು. ಅರ್ಧ ವರ್ಗ ಎದ್ದು ಬಾಗಿಲ ಕಡೆ ನಡೆಯಿತು. ಯಾಕೆ ಅಳಿಸಲಿಲ್ಲ ಎಂದು ಪಾಠ ಮುಗಿದ ಮೇಲೆ ಕೇಳಿದೆ. ತಜ್ಞರ ಫೈಲಿಗೆ ನಾವು ಹೇಗೆ ಕೈ ಹಚ್ಚುವುದು ಎಂದರು.

ನಕ್ಕೆ, ಆದರೆ ಒಳಗೆ ಚುಚ್ಚಿತು. ಮುಂದಿನ ನಾಲ್ಕು ಪಾಠಗಳಲ್ಲಿಯೂ ಅದೇ ನನ್ನ ಸ್ಲೈಡು, ಅದೇ ನನ್ನ ಚಿತ್ರ, ಅದೇ ಕ್ರಮ. ಚಹಾ ಮಾತ್ರ ಇರಲಿಲ್ಲ, ಯಾಕೆಂದರೆ ಸುದ್ದಿ ಹಬ್ಬಿತ್ತು. ಐದು ಜನರಿಗೂ ಒಳ್ಳೆಯ ಅಂಕವನ್ನೇ ಕೊಟ್ಟೆ. ತಖ್ತೆಯಲ್ಲಿ ತಂತ್ರಜ್ಞಾನ ಬಳಸಿದ್ದಾರೆಯೇ ಎಂದು ಕೇಳಿತ್ತು, ಅದು ಯಾರದು ಎಂದು ಕೇಳಿರಲಿಲ್ಲ.

ಆರನೆಯವರು ಎಸ್‌.ಪಿ. ಸರ. ತಾರೀಖು ಹೇಳಲು ಫೋನ್ ಮಾಡಿದೆ. ಅವರ ಮಾದರಿ ಪಾಠ ‘ವಾರ್ಷಿಕ ಸರ್ವಸಾಧಾರಣ ಸಭೆ’. ಪ್ರತಿ ವರ್ಷ ಹನ್ನೊಂದನೆಯ ವರ್ಗದಲ್ಲಿ ಮಕ್ಕಳದೇ ಒಂದು ಕಂಪನಿ ಮಾಡಿಸುತ್ತಾರಂತೆ. ಅರವತ್ತು ಮಕ್ಕಳೂ ಸದಸ್ಯರು, ಅವರಲ್ಲಿಯೇ ಒಬ್ಬರು ಸೆಕ್ರೆಟರಿ, ಸರ ಅಧ್ಯಕ್ಷ. ಕಂಪನಿ ಕಾಗದದ್ದೇ, ಆದರೆ ಸಭೆಯಲ್ಲಿ ವರ್ಗದ ಯಾವುದಾದರೂ ಒಂದು ನಿಜವಾದ ವಿಷಯಕ್ಕೆ ಮತ ಹಾಕಿಸುತ್ತಾರೆ, ಪ್ರಿನ್ಸಿಪಾಲರು ಅದನ್ನು ಜಾರಿಗೆ ತರುತ್ತಾರೆ. ಕೇಳಿ ನನಗೆ ಸಂತೋಷವಾಯಿತು. ಗುರುವಾರ ಬರುತ್ತೇನೆ, ಸಭೆ ನಡೆಸಿಬಿಡಿ ಎಂದೆ. ಅವರು ರಿಜಿಸ್ಟರ್ ತಿರುವಿ ದಿನ ಎಣಿಸಿದರು.

“ಇಪ್ಪತ್ತೊಂದ ದಿನ ಪೂರ್ತಿ ಆಗೂದಿಲ್ರಿ ಮ್ಯಾಡಮ್,” ಎಂದರು. “ನೋಟಿಸ್ ಕೊಟ್ಟ ದಿನಾ ಹಿಡಿಯೂಹಂಗಿಲ್ಲ, ಸಭಾ ದಿನಾನೂ ಹಿಡಿಯೂಹಂಗಿಲ್ಲ. ಗುರುವಾರಕ್ಕ ಬರೇ ಹನ್ನೆರಡ ಆಗತಾವ.”

“ಸರ, ಇದು ಖರೇ ಕಂಪನಿ ಅಲ್ಲಲ್ರಿ.”

“ಕಂಪನಿ ಖರೇ ಅಲ್ಲ. ಕಾಯ್ದೆ ಖರೇ ಅದ.”

ನಿಯಮವೇನೋ ನನಗೂ ಗೊತ್ತಿತ್ತು. ಸಾಮಾನ್ಯ ಸಭೆಗೆ ಪ್ರತಿ ಸದಸ್ಯನಿಗೂ ಇಪ್ಪತ್ತೊಂದು ಪೂರ್ಣ ದಿನಗಳ ನೋಟಿಸು ಕೊಡಬೇಕು. ನಾನೇ ಎಷ್ಟು ಸಲ ಅದನ್ನು ಹಲಗೆಯ ಮೇಲೆ ಬರೆದು ಎರಡು ಗೀಟು ಎಳೆದಿದ್ದೇನೆ. ಆದರೆ ಹನ್ನೊಂದನೆಯ ವರ್ಗದ ಆಟದ ಕಂಪನಿಗೆ ಅದನ್ನು ಹಿಡಿದುಕೊಂಡು ಕೂಡುವ ಶಿಕ್ಷಕರನ್ನು ಕಂಡಿರಲಿಲ್ಲ. ವೆಬ್‌ಸೈಟ್ ಶನಿವಾರ ಮುಚ್ಚುತ್ತದೆ, ನಿಮ್ಮ ಸಭೆ ಅದಾದ ಮೇಲೆ ಒಂದು ವಾರಕ್ಕೆ ಬರುತ್ತದೆ ಎಂದು ತಿಳಿಸಿ ಹೇಳಿದೆ. ಹಾಗಾದರೆ ನನ್ನ ಸ್ಲೈಡುಗಳಿಂದ ಬೇರೆ ಪಾಠ ಮಾಡಿ ಎಂದೆ. ಸಭೆಯ ಪಾಠ ನಡೆದಿರುವಾಗ ನಡುವೆ ಇನ್ನೊಂದನ್ನು ತೂರಿಸುವುದಿಲ್ಲ ಎಂದರು. ಸುಮ್ಮನೆ ಸಭೆಯ ನಾಟಕ ಮಾಡಿಸಿ ಎಂದೆ. ಮಕ್ಕಳು ಸಹಿ ಮಾಡಿ ನೋಟಿಸು ತೆಗೆದುಕೊಂಡಿದ್ದಾರೆ, ಅದು ಸುಳ್ಳಾಗುತ್ತದೆ ಎಂದರು. ಈ ತಂಡ ತಪ್ಪಿದರೆ ಮುಂದಿನ ತಂಡ ಯಾವಾಗ ಎಂದು ದೇವರಿಗೇ ಗೊತ್ತು, ನಿಮ್ಮ ಶ್ರೇಣಿ ಅಲ್ಲಿಯವರೆಗೆ ನಿಂತಂತೆ ಎಂದೆ. ಗೊತ್ತದ್ರಿ ಎಂದರು. ಸಿಟ್ಟು ಬಂದು ಫೋನ್ ಇಟ್ಟೆ. ನನ್ನ ಯಾದಿಯಲ್ಲಿ ಒಬ್ಬರು ನಪಾಸಾದರೆ ನನ್ನ ತಜ್ಞತನಕ್ಕೂ ಮಸಿ ಎಂಬುದು ಆ ಸಿಟ್ಟಿನಲ್ಲಿ ಇತ್ತು, ಅದನ್ನು ಮುಚ್ಚಿಡುವುದಿಲ್ಲ.

ಮರುದಿನ ಇನ್ನೊಬ್ಬರ ಕಾಲೇಜಿನಲ್ಲಿ ಕಾಗದಪತ್ರ ಮುಗಿಸಿ ವಾಪಸು ಬರುವಾಗ ಬಸ್ಸಿನಲ್ಲಿ ಹನ್ನೊಂದನೆಯ ಪಠ್ಯಪುಸ್ತಕ ತೆಗೆದೆ. ಸರ ತಪ್ಪು ಎಂದು ತೋರಿಸುವ ಒಂದು ಸಾಲು ಸಿಕ್ಕೀತೇ ಎಂದು ಹುಡುಕುತ್ತಿದ್ದೆ. ಸಿಕ್ಕಿತು ಕೂಡ. ಮತದಾನದ ಹಕ್ಕಿರುವ ಸದಸ್ಯರಲ್ಲಿ ನೂರಕ್ಕೆ ತೊಂಬತ್ತೈದು ಜನ ಬರವಣಿಗೆಯಲ್ಲಿ ಅಥವಾ ವಿದ್ಯುನ್ಮಾನ ರೀತಿಯಲ್ಲಿ ಒಪ್ಪಿಗೆ ಕೊಟ್ಟರೆ ಕಡಿಮೆ ದಿನದ ನೋಟಿಸಿನ ಮೇಲೂ ಸಭೆ ನಡೆಸಬಹುದು. ವರ್ಷಾವರ್ಷ ಕಲಿಸುವ ಸಾಲೇ. ಆದರೆ ವಿದ್ಯುನ್ಮಾನ ರೀತಿ ಎಂಬಲ್ಲಿ ನನ್ನ ಬೆರಳು ನಿಂತಿತು. ಮೂರನೆಯ ದಿನ ನಾನು ಕಲಿಸಿದ ಫಾರ್ಮು, ಏರುವ ಪಟ್ಟಿ, ಎಲ್ಲಕ್ಕೂ ಇಲ್ಲಿ ನಿಜವಾದ ಕೆಲಸವಿತ್ತು. ಯಾರ ಪಾಠದಲ್ಲಿಯೂ ಅದು ಬೇಕೇ ಬೇಕು ಅನ್ನಿಸಿರಲಿಲ್ಲ. ಇಲ್ಲಿ ಸಭೆಯೇ ಅದರ ಮೇಲೆ ನಿಲ್ಲುತ್ತಿತ್ತು.

ವಳಸಂಗದ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ಅಲ್ಲಿಂದಲೇ ಸರರಿಗೆ ಫೋನ್ ಮಾಡಿ ಓದಿ ಹೇಳಿದೆ. ಈ ಸಲ ಅವರು ಬೇಗ ಮಾತಾಡಿದರು. ಕಾಯ್ದೆಯಲ್ಲಿ ಇದೆ, ಹಾಗಿದ್ದರೆ ಮಾಡೋಣ ಎಂದರು. ಅರವತ್ತರಲ್ಲಿ ಐವತ್ತೇಳು ಬೇಕು ಎಂದು ಲೆಕ್ಕವನ್ನೂ ಅವರೇ ಹೇಳಿದರು. ಪುರಾವೆಗೆ ಏನು ಮಾಡುವುದು ಎಂದು ನಾನೇ ಕೇಳಿದೆ. ಮಕ್ಕಳ ಮೊಬೈಲು ಬೇಡ, ಕಾಲೇಜಿನಲ್ಲಿ ಅದಕ್ಕೆ ನಿಷೇಧವೂ ಇದೆ. ನಮ್ಮಿಬ್ಬರದು ಮತ್ತು ಕ್ಲಾರ್ಕ್‌ರದು ಸೇರಿ ಮೂರು ಮೊಬೈಲು ಬೆಂಚಿನಿಂದ ಬೆಂಚಿಗೆ ಹೋಗಲಿ, ಒಬ್ಬೊಬ್ಬರೂ ಒತ್ತಿ ಅಲ್ಲಿಯೇ ರಿಜಿಸ್ಟರಿನಲ್ಲಿ ಸಹಿ ಹಾಕಲಿ ಎಂದರು. ಅವರ ಮೇಲೆ ಎಳೆದಿದ್ದ ಗೀಟನ್ನು ಅಲ್ಲಿಯೇ ಅಳಿಸಿದೆ.

ಗುರುವಾರ ಏಳು ಗಂಟೆಗೇ ಕಾಲೇಜಿನಲ್ಲಿದ್ದೆ. ಎರಡನೆಯ ತಾಸಿನ ಶಿಕ್ಷಕಿ ತಮ್ಮ ತಾಸನ್ನೂ ಬಿಟ್ಟುಕೊಟ್ಟಿದ್ದರು, ಹೀಗೆ ಜೋಡಿ ತಾಸು ಸಿಕ್ಕಿತ್ತು. ಪ್ಯಾನೆಲ್‌ಗೆ ನನ್ನ ಹಾಟ್‌ಸ್ಪಾಟ್ ಕೊಟ್ಟೆ, ಫಾರ್ಮಿನ ಪಟ್ಟಿ ತೆರೆದೆ, ಚಿತ್ರೀಕರಣಕ್ಕೆಂದು ತಂದ ಇನ್ನೊಂದು ಮೊಬೈಲನ್ನು ಟ್ರೈಪಾಡಿಗೆ ಹಚ್ಚಿ ಹಿಂದಿನ ಗೋಡೆಗೆ ಒತ್ತಿ ನಿಲ್ಲಿಸಿದೆ. ತಪಾಸಣೆ ಇದೆ ಎಂದು ಹೇಗೋ ಸುದ್ದಿ ಹಬ್ಬಿ ಒಬ್ಬರೂ ಗೈರುಹಾಜರಿರಲಿಲ್ಲ. ನಾಲ್ಕು ಜನ ಮಾತ್ರ ಇನ್ನೂ ಬಂದಿರಲಿಲ್ಲ. ಅವರು ಯಾವಾಗಲೂ ಹೀಗೇ, ಅವರ ಹಳ್ಳಿಯ ಬಸ್ಸು ಏಳೂ ನಲವತ್ತಕ್ಕೆ ಬರುತ್ತದೆ ಎಂದರು ಸರ. ಸೆಕ್ರೆಟರಿ ಹುಡುಗಿಯೂ ಅದೇ ಬಸ್ಸಿನವಳು.

ಸರ ಸಭೆಯ ವಿಷಯವನ್ನು ಪ್ಯಾನೆಲ್ ಮೇಲೆ ಬೆರಳಿನಿಂದ ಬರೆದರು. ಮೊದಲ ತಾಸಿನ ಎಸ್‌.ಪಿ.ಯನ್ನು ಮೂರನೆಯ ತಾಸಿಗೂ, ಮೂರನೆಯ ತಾಸಿನ ಆಟವನ್ನು ಮೊದಲನೆಯದಕ್ಕೂ ಬದಲಿಸಬೇಕು. ಬಸ್ಸಿನ ನಾಲ್ವರಿಗೆ ದಿನಾಲೂ ಅರ್ಧ ಎಸ್‌.ಪಿ. ತಪ್ಪುತ್ತಿತ್ತು, ಅದಕ್ಕೆ ಅವರು ತಂದ ಠರಾವು. ಊರಿನ ಹುಡುಗರಿಗೆ ಇದು ಬೇಡ. ಮೂರನೆಯ ತಾಸಿಗೆ ಹೊಂದಿಕೊಂಡು ಸಣ್ಣ ಸುಟ್ಟಿ, ಅಂದರೆ ಬಿಡುವು, ಇದ್ದುದರಿಂದ ಅವರ ಕ್ರಿಕೆಟ್ ಒಂದು ತಾಸಿಗಿಂತ ಹೆಚ್ಚು ನಡೆಯುತ್ತಿತ್ತು.

ಮೂರು ಮೊಬೈಲು ಹೊರಟವು. ಪ್ಯಾನೆಲ್ ಮೇಲೆ ಹಸಿರು ಪಟ್ಟಿ ಏರಿತು: ಹತ್ತು, ಇಪ್ಪತ್ತೆರಡು, ನಲವತ್ತು. ನಡುವೆ ಒಮ್ಮೆ ನೆಟ್‌ವರ್ಕ್ ನಿಂತು ನಾನು ಕಿಟಕಿಯ ಕಡೆ ಓಡಿದೆ. ಮತ್ತೆ ಬಂತು. ಐವತ್ತಾರಕ್ಕೆ ನಿಂತಿತು. ವರ್ಗದಲ್ಲಿ ಇದ್ದವರೇ ಐವತ್ತಾರು, ಎಲ್ಲರೂ ಒಪ್ಪಿದ್ದರು. ಇನ್ನೊಂದು ಬಂದರೆ ಸಾಕು. ಅಷ್ಟರಲ್ಲಿ ಬಾಗಿಲಲ್ಲಿ ಬಸ್ಸಿನ ನಾಲ್ವರು, ಮೂವರು ಹುಡುಗಿಯರು ಒಬ್ಬ ಹುಡುಗ, ಏದುಸಿರಿನಲ್ಲಿ ಬಂದು ನಿಂತರು. ನನಗೆ ಜೀವ ಬಂದಂತಾಯಿತು.

ಸರ ವಿಷಯ ತಿಳಿಸಿ, ಒಪ್ಪಿಗೆ ಕೊಡುವುದೂ ಬಿಡುವುದೂ ನಿಮ್ಮ ಇಚ್ಛೆ ಎಂದರು. ಸೆಕ್ರೆಟರಿ ಹುಡುಗಿ ಪ್ಯಾನೆಲ್ ನೋಡಿದಳು, ನಿಂತಲ್ಲಿಯೇ ಒಪ್ಪಿಗೆ ಇಲ್ಲ ಎಂದಳು. ಉಳಿದ ಮೂವರೂ ಅವಳ ಮುಖ ನೋಡಿ ಇಲ್ಲ ಎಂದು ಒತ್ತಿದರು. ಅವಳ ಸರದಿ ಬಂದಾಗ, ಸಹಿಯ ಅಂಕಣ ಸರಿಯಾಗಿ ತೋರಿಸುತ್ತೇನೆ ಎಂಬ ನೆಪದಲ್ಲಿ ನಾನು ರಿಜಿಸ್ಟರಿನ ಸಮೇತ ಅವಳನ್ನು ವರಾಂಡಕ್ಕೆ ಕರೆದುಕೊಂಡು ಹೋದೆ. ಅವಳ ಒತ್ತುವಿಕೆ ಇನ್ನೂ ಬಾಕಿ ಇತ್ತು, ನನ್ನ ಮೊಬೈಲು ನನ್ನ ಕೈಯಲ್ಲಿತ್ತು.

“ಯಾಕ ಬ್ಯಾಡ ಅಂತಿ?” ಎಂದು ಕೇಳಿದೆ.

“ನನಗ ಇನ್ನ ಹತ್ತ ದಿನ ಬೇಕ್ರಿ ಮ್ಯಾಡಮ್. ನಾವ್ ನಾಕ ಮಂದಿ. ದಿನಾ ಇಬ್ಬಿಬ್ಬರ ಜೋಡಿ ಮಾತಾಡಾಕತ್ತೀನಿ. ಇವತ್ತ ಸಭಾ ಆತಂದ್ರ ನಾವ್ ಸೋಲತೀವಿ.”

ಅವಳ ಮಾತು ಸರಿಯಾಗಿತ್ತು. ನೋಟಿಸಿಗೆ ಇಪ್ಪತ್ತೊಂದು ದಿನ ಇಟ್ಟಿರುವುದೇ ಅದಕ್ಕೆ, ಸದಸ್ಯನು ಯೋಚಿಸಲಿ, ಬೇಕಾದವರನ್ನು ಕೂಡಿಸಿಕೊಳ್ಳಲಿ ಎಂದು. ನನ್ನ ಪಾಠದಲ್ಲಿ ಈ ಸಾಲು ಎಂದೂ ಇರಲಿಲ್ಲ. ಅದು ಗೊತ್ತಾದ ಮೇಲೂ ನಾನು ಬಿಡಲಿಲ್ಲ. ನಿಮ್ಮ ಸರರ ಮೇಲಿನ ಶ್ರೇಣಿಯ ಕಾಗದ ಇವತ್ತಿನ ಪಾಠದ ಮೇಲೆ ನಿಂತಿದೆ, ನೀನು ಒಂದು ಸಲ ಹೌದು ಎಂದರೆ ಅವರ ಕೆಲಸ ಆಗುತ್ತದೆ ಎಂದು ಹೇಳಿದೆ. ಮೆತ್ತಗೆ, ಅಕ್ಕರೆಯ ದನಿಯಲ್ಲಿಯೇ ಹೇಳಿದೆ. ಅವಳ ಮುಖ ಬಾಡಿತು. ಅದನ್ನು ಕಂಡೂ ಮೊಬೈಲು ಮುಂದೆ ಹಿಡಿದೆ.

“ಸರ್ದು ಕೆಲಸ ನಿಂತಿದ್ರ ಒತ್ತತೀನ್ರಿ,” ಎಂದು ಅವಳು ಕೈ ಚಾಚಿದಳು.

ಆಗ ಸರ ಬಾಗಿಲಿಗೆ ಬಂದರು. ಮ್ಯಾಡಮ್ ಏನು ಕೇಳಿದರು ಎಂದು ಹುಡುಗಿಯನ್ನು ಕೇಳಿದರು. ಅವಳು ನನ್ನನ್ನು ನೋಡಲಿಲ್ಲ, ಇದ್ದದ್ದನ್ನು ಇದ್ದಂತೆ ಹೇಳಿದಳು. ಅವರು ನನ್ನ ಕೈಯಿಂದ ಮೊಬೈಲು ತೆಗೆದುಕೊಂಡು ಅವಳಿಗೆ, ನಿನಗೆ ಮೊದಲು ಏನು ಅನ್ನಿಸಿತ್ತೋ ಅದನ್ನೇ ಒತ್ತು, ನನ್ನ ಕಾಗದ ನಾನು ನೋಡಿಕೊಳ್ಳುತ್ತೇನೆ ಎಂದರು. ಅವಳು ಇಲ್ಲ ಎಂದು ಒತ್ತಿ ಸಹಿ ಹಾಕಿ ಒಳಗೆ ಹೋದಳು. ಆಮೇಲೆ ನನ್ನ ಕಡೆ ತಿರುಗಿದರು. ಬಯ್ಯುತ್ತಾರೆ ಎಂದುಕೊಂಡೆ, ಬಯ್ದಿದ್ದರೆ ಹಗುರಾಗುತ್ತಿತ್ತು.

“ಆಕೀದು ಹಕ್ಕ ಅದ, ನಂದು ಗರಜ ಅದ. ಎರಡೂ ಒಂದಕ್ಕೊಂದು ಕೂಡಸಬ್ಯಾಡ್ರಿ ಮ್ಯಾಡಮ್,” ಎಂದರು.

ಒಳಗೆ ಹೋಗಿ ಅವರು ಪ್ಯಾನೆಲ್ ಮೇಲಿನ ಎರಡು ಪಟ್ಟಿಗಳ ಕೆಳಗೆ ಬರೆದರು: ಬೇಕಾದದ್ದು ಐವತ್ತೇಳು, ಬಂದದ್ದು ಐವತ್ತಾರು, ಸಭೆ ಮೊದಲಿನ ತಾರೀಖಿಗೇ. ಊರಿನ ಹುಡುಗರು ಗೊಣಗಿದರು. ನಾಲ್ಕು ಜನಕ್ಕಾಗಿ ಐವತ್ತಾರು ಜನ ಕಾಯಬೇಕೇ ಎಂದು ಒಬ್ಬ ಕೇಳಿದ. ಕಾಯ್ದೆ ತೊಂಬತ್ತೈದು ಎಂದು ಯಾಕೆ ಇಟ್ಟಿತು, ಐವತ್ತೊಂದು ಎಂದು ಯಾಕೆ ಇಡಲಿಲ್ಲ ಎಂದು ಸರ ತಿರುಗಿ ಕೇಳಿದರು. ಮುಂದಿನ ಅರ್ಧ ತಾಸು ಆ ವರ್ಗದಲ್ಲಿ ನಡೆದ ಚರ್ಚೆಯಂಥದ್ದನ್ನು ನಾನು ವಾಣಿಜ್ಯದ ಪಾಠದಲ್ಲಿ ಕೇಳಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತು ತಖ್ತೆ ತುಂಬಿದೆ. ಎಲ್ಲ ಅಂಕಣದಲ್ಲಿಯೂ ಪೂರ್ತಿ ಅಂಕ ಕೊಟ್ಟೆ.

ಶುಕ್ರವಾರ ಚಿತ್ರ ಏರಿಸಿದೆ. ಶನಿವಾರ ಬೆಳಿಗ್ಗೆ ಸೊಲ್ಲಾಪುರದ ಸಮನ್ವಯ ಅಧಿಕಾರಿಯ ಫೋನ್ ಬಂತು. ಪಾಠ ಒಳ್ಳೆಯದಿದೆ, ಆದರೆ ನಡುವೆ ನಾಲ್ಕು ನಿಮಿಷ ಶಿಕ್ಷಕರೂ ಇಲ್ಲ, ಮಾರ್ಗದರ್ಶಕರೂ ಇಲ್ಲ, ಬರೀ ಪಟ್ಟಿ ಕಾಣುತ್ತದೆ, ಮಕ್ಕಳು ಗದ್ದಲ ಮಾಡುತ್ತಾರೆ, ಯಾಕೆ ಎಂದು ಕೇಳಿದರು. ಸಂಜೆಯೊಳಗೆ ಲಿಖಿತ ಖುಲಾಸೆ, ಅಂದರೆ ವಿವರಣೆ, ಕಳಿಸಲು ಹೇಳಿದರು. ಕತ್ತರಿಸಬಾರದು ಎಂಬ ನಿಯಮ ಆ ನಾಲ್ಕು ನಿಮಿಷವನ್ನು ಹಾಗೆಯೇ ಉಳಿಸಿತ್ತು. ನಾನು ಒಂದು ಸಾಲು ಬರೆದೆ: ‘ತಾಂತ್ರಿಕ ಅಡಚಣೆಯಿಂದಾಗಿ ಶಿಕ್ಷಕರು ಹೊರಗೆ ಹೋಗಬೇಕಾಯಿತು’. ನೆಟ್‌ವರ್ಕ್ ನಡುವೆ ನಿಂತದ್ದು ಸುಳ್ಳಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಸೋಮವಾರ ಉತ್ತರ ಬಂತು. ತಂತ್ರಜ್ಞಾನದ ಪಾಠದಲ್ಲಿಯೇ ತಾಂತ್ರಿಕ ಅಡಚಣೆಯನ್ನು ನಿಭಾಯಿಸಲು ಶಿಕ್ಷಕರಿಗೆ ಆಗಿಲ್ಲ, ವರ್ಗ ಬಿಟ್ಟು ಹೋಗಿದ್ದಾರೆ. ಆದ್ದರಿಂದ ಪಾಠ ಪುನಃ ಸಾದರಪಡಿಸಬೇಕು, ಮುಂದಿನ ತಂಡದ ಜೊತೆ. ನನ್ನ ಒಂದು ಸಾಲು ಸರರ ಕಾಗದವನ್ನು ನಿಲ್ಲಿಸಿತ್ತು. ಫೋನ್ ಮಾಡಿ ತಿಳಿಸಿದೆ, ಆದರೆ ಖುಲಾಸೆಯಲ್ಲಿ ಏನು ಬರೆದೆ ಎಂದು ಹೇಳಲಿಲ್ಲ. ಅವರು ಕೇಳಲೂ ಇಲ್ಲ. ಇಪ್ಪತ್ತೆರಡನೆಯ ದಿನದ ಸಭೆಗೆ ಬರುತ್ತೀರೇನು ಎಂದು ಮಾತ್ರ ಕೇಳಿದರು. ರಜೆ ಹಾಕಿ ಹೋದೆ. ಹೋಗದೇ ಇರಲು ಧೈರ್ಯ ಸಾಲಲಿಲ್ಲ ಎನ್ನುವುದೇ ಸರಿ.

ಆ ದಿನ ಹುಡುಗಿಯ ಹಳ್ಳಿಯ ಬಸ್ಸಿಗೆ ಕಾದು ಎಂಟು ಗಂಟೆಗೆ ಸಭೆ ಇಟ್ಟಿದ್ದರು. ನಾನು ಸದಸ್ಯಳಲ್ಲ, ಒಳಗೆ ಕೂಡಲು ಸಭೆಯ ಅನುಮತಿ ಬೇಕು. ಸರ ಕೇಳಿದರು, ಮಕ್ಕಳು ಕೈ ಎತ್ತಿದರು, ನಾನು ಹಿಂದಿನ ಬೆಂಚಿನಲ್ಲಿ ಕೂತೆ. ಗಣಸಂಖ್ಯೆ, ಅಂದರೆ ಕೋರಂ, ಆಯಿತು. ಎರಡನೆಯ ಬಾಬತ್ತು, ನೋಟಿಸಿನ ಬಗ್ಗೆ ಸೆಕ್ರೆಟರಿಯ ವರದಿ. ಹುಡುಗಿ ಎದ್ದು ನಿಂತು ಮರಾಠಿಯಲ್ಲಿ ಬರೆದುಕೊಂಡದ್ದನ್ನು ಓದಿದಳು. ಯಾವ ದಿನ ಅರವತ್ತು ನೋಟಿಸು ಕೊಟ್ಟೆವು, ಯಾವ ದಿನ ಕಡಿಮೆ ಅವಧಿಗೆ ಸಮ್ಮತಿ ಕೇಳಲಾಯಿತು, ಎಷ್ಟು ಬಂದವು. ಆಮೇಲೆ ಅದೇ ದನಿಯಲ್ಲಿ ಮುಂದಿನ ವಾಕ್ಯ: ಸಮ್ಮತಿ ಕೊಡದ ಒಬ್ಬ ಸದಸ್ಯೆಯನ್ನು ಹೊರಗೆ ಕರೆದು ಪುನಃ ವಿಚಾರ ಮಾಡಲು ಪಾಹುಣೆ ಮ್ಯಾಡಮ್ ಹೇಳಿದರು, ಅಧ್ಯಕ್ಷರು ಅದಕ್ಕೆ ಅವಕಾಶ ಕೊಡಲಿಲ್ಲ. ಪಾಹುಣೆ ಅಂದರೆ ಅತಿಥಿ; ಅದು ನಾನು. ಆ ಸದಸ್ಯೆ ತಾನೇ ಎಂದು ಅವಳು ಬರೆದಿರಲಿಲ್ಲ. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. ಆದದ್ದನ್ನು ಬರೆಯಬೇಕು ಎಂದು ಕಲಿತವಳು, ಬರೆದಿದ್ದಳು.

ಅರವತ್ತು ತಲೆ ಹಿಂದಕ್ಕೆ ತಿರುಗಿದವು. ವರದಿಯ ಮೇಲೆ ಯಾರಾದರೂ ಮಾತಾಡುವವರಿದ್ದೀರೇನು ಎಂದು ಸರ ವಾಡಿಕೆಯಂತೆ ಕೇಳಿದರು. ಯಾರೂ ಇರಲಿಲ್ಲ. ನಾನು ಕೈ ಎತ್ತಿದೆ. ಹೊರಗಿನವರಿಗೆ ಮಾತಿಗೆ ಅವಕಾಶ ಕೊಡಬೇಕೇ ಎಂದು ಮತ್ತೆ ಸಭೆಯನ್ನು ಕೇಳಿದರು, ಕೆಲವು ಕೈ ಎದ್ದವು. ಎದ್ದು ನಿಂತೆ.

“ವರದಿ ಬರೋಬರ ಐತಿ. ಕೇಳಿದಾಕಿ ನಾನ. ಕೇಳಬಾರದಿತ್ತು,” ಎಂದೆ. ಕೂತೆ.

ಸಭೆ ಮುಂದುವರಿಯಿತು. ಹುಡುಗಿ ಠರಾವಿನ ಪರವಾಗಿ ಮೂರು ನಿಮಿಷ ಮಾತಾಡಿದಳು. ಊರಿನ ಹುಡುಗ ಕ್ರಿಕೆಟ್ಟಿನ ಪರವಾಗಿ ಐದು ನಿಮಿಷ ಮಾತಾಡಿದ, ಎಲ್ಲರೂ ನಕ್ಕರು. ಮತಕ್ಕೆ ಅದೇ ಫಾರ್ಮು, ಆದರೆ ಸಹಿ ಇಲ್ಲ, ಗುಪ್ತ. ಎಣಿಕೆ ಮುಗಿಯುವ ತನಕ ಪ್ಯಾನೆಲ್ ಮುಚ್ಚಿಡಬೇಕು ಎಂದು ಸರ ಮೊದಲೇ ಟಾವೆಲ್ ಒಂದನ್ನು ತಂದಿದ್ದರು. ಪರದೆ ನಿಲ್ಲಿಸುವ ಗುಂಡಿ ಇದೆ ಎಂದು ನಾನು ಕಲಿಸಿದ್ದು ಅವರಿಗೆ ನೆನಪಿರಲಿಲ್ಲ, ಟಾವೆಲ್ಲೇ ನಂಬಿಕೆಯದು ಎಂದರು. ಟಾವೆಲ್ ತೆಗೆದಾಗ ಮೂವತ್ತಮೂರು, ಇಪ್ಪತ್ತೇಳು. ಎಸ್‌.ಪಿ. ಮೂರನೆಯ ತಾಸಿಗೆ ಹೋಯಿತು. ಆ ನಾಲ್ವರು ಕುಣಿಯಲಿಲ್ಲ. ಹುಡುಗಿ ಕೂತು ನಡಾವಳಿ ಬರೆಯತೊಡಗಿದಳು.

ವಾಪಸು ಬಸ್ಸಿನಲ್ಲಿಯೇ ಮೊಬೈಲಿನಲ್ಲಿ ಹೊಸ ಖುಲಾಸೆ ಬರೆದೆ. ನಾಲ್ಕು ನಿಮಿಷದ ಅಡಚಣೆ ತಾಂತ್ರಿಕವಲ್ಲ. ಮಾರ್ಗದರ್ಶಕಿಯಾದ ನಾನು ಒಬ್ಬ ವಿದ್ಯಾರ್ಥಿನಿಯ ಮೇಲೆ ಒತ್ತಡ ಹಾಕುತ್ತಿದ್ದೆ, ಅದನ್ನು ತಡೆಯಲು ಶಿಕ್ಷಕರು ಹೊರಗೆ ಬಂದರು. ಮೊದಲ ಖುಲಾಸೆ ಸುಳ್ಳು. ಸರ ಕೊಟ್ಟ ವರದಿಯ ಪ್ರತಿಯನ್ನು ಹಚ್ಚಿ ಕಳಿಸಿದೆ. ವಳಸಂಗ ಬರುವ ಮೊದಲೇ ಹೋಗಿತ್ತು. ತಡ ಮಾಡಿದ್ದರೆ ಮನಸ್ಸು ಬದಲಾದೀತೆಂಬ ಹೆದರಿಕೆ ನನಗೆ ನನ್ನ ಮೇಲೆಯೇ ಇತ್ತು. ಕಚೇರಿಗೆ ಎರಡು ಸಲ ಕರೆಸಿದರು, ಪ್ರಶ್ನೆ ಕೇಳಿದರು. ಎರಡು ತಿಂಗಳ ಮೇಲೆ ಪ್ರಮಾಣಪತ್ರದ ಪೂರಕ ಯಾದಿ ಬಂತು, ಅದರಲ್ಲಿ ಸರರ ಹೆಸರಿತ್ತು. ಮುಂದಿನ ತಂಡದ ಮಾರ್ಗದರ್ಶಕರ ಯಾದಿಯಲ್ಲಿ ನನ್ನ ಹೆಸರು ಇರಲಿಲ್ಲ. ನೋವಾಯಿತು. ಸ್ಟಾಫ್‌ರೂಮಿನಲ್ಲಿ ಯಾರಿಗೂ ಹೇಳಲಿಲ್ಲ.

ಯಾದಿ ಬಂದ ದಿನ ಸರ ಫೋನಿನಲ್ಲಿ ಉಪಕಾರದ ಮಾತಾಡಲಿಲ್ಲ, ನಾನೂ ಕಾಯಲಿಲ್ಲ. ಆ ಸಭೆಯ ನಡಾವಳಿಯ ಪುಟದ ಚಿತ್ರವೊಂದನ್ನು ಮಾತ್ರ ಕಳಿಸಿದರು. ಹುಡುಗಿಯ ದುಂಡಗಿನ ಮರಾಠಿ ಅಕ್ಷರ. ಕ್ಷಮಿಸಲಾಯಿತು ಎಂದು ಎಲ್ಲಾದರೂ ಇದೆಯೇ ಎಂದು ಹುಡುಕಿದೆ. ಇರಲಿಲ್ಲ. ಪಾಹುಣೆ ಮ್ಯಾಡಮ್ ತಮ್ಮ ತಪ್ಪು ಒಪ್ಪಿಕೊಂಡರು, ಸಭೆ ಅದನ್ನು ನೋಂದಿಸಿಕೊಂಡಿತು ಎಂದಷ್ಟೇ ಇತ್ತು. ಕೆಳಗೆ ಅವಳ ಸಹಿ.